±0.1 ಸೆಲ್ಸಿಯಸ್ ಅಂದರೆ ±32.2 ಫ್ಯಾರನ್‌ಹೀಟ್ ಹೇಗೆ ಆಗುತ್ತದೆ?

ತಿಳಿನೀರು

ಮನೆಗೆ ಹೊಸ ಡಿಜಿಟಲ್ ಥರ್ಮಾಮೀಟರ್ ತಂದೆವು. ಬಟನ್ ಒತ್ತಿದರೆ ಸೆಲ್ಸಿಯಸ್‌ನಲ್ಲಿ ತೋರಿಸುತ್ತದೆ. ಜ್ವರ ಅಂದರೆ ನನಗೆ ನೂರು, ನೂರಾ ಎರಡು ಅನ್ನುವ ಲೆಕ್ಕವೇ ತಲೆಯಲ್ಲಿ ಕೂತಿದೆ. ಫ್ಯಾರನ್‌ಹೀಟ್‌ಗೆ ಬದಲಾಯಿಸುವುದು ಹೇಗೆ ಅಂತ ಡಬ್ಬದಲ್ಲಿದ್ದ ಚೀಟಿ ಬಿಚ್ಚಿ ಓದಿದೆ. ಅಲ್ಲಿ ಹೀಗೊಂದು ಸಾಲಿದೆ: "ನಿಖರತೆ ±0.1 ಡಿಗ್ರಿ ಸೆಲ್ಸಿಯಸ್ / ±32.2 ಡಿಗ್ರಿ ಫ್ಯಾರನ್‌ಹೀಟ್".

ಸೂತ್ರ ಹಾಕಿ ನೋಡಿದೆ. 0.1 × 9/5 + 32 = 32.18. ಅಂದರೆ 32.2 ಬರುವುದು ನಿಜ. ಆದರೆ ಮೈಬಿಸಿ 98 ಇರುವಾಗ 32 ಹೆಚ್ಚುಕಮ್ಮಿ ಅಂದರೆ 66 ಆದರೂ ತೋರಿಸಬಹುದು, 130 ಆದರೂ ತೋರಿಸಬಹುದು. ಅಂಥದ್ದನ್ನು ಇಟ್ಟುಕೊಂಡು ಏನು ಮಾಡುವುದು? ತಪ್ಪಿರುವುದು ಸೂತ್ರದಲ್ಲೋ, ಚೀಟಿಯಲ್ಲೋ?

ಇನ್ನೊಂದು ಪ್ರಶ್ನೆ. ಫೋನ್ ಮುಟ್ಟದೆ ಬಾಯಿಲೆಕ್ಕದಲ್ಲೇ ಸೆಲ್ಸಿಯಸ್‌ನಿಂದ ಫ್ಯಾರನ್‌ಹೀಟ್‌ಗೆ ಹೋಗುವ ದಾರಿ ಯಾವುದಾದರೂ ಇದೆಯಾ? 9/5 ಗುಣಿಸುವಷ್ಟರಲ್ಲಿ ನನಗೆ ಸಂಖ್ಯೆಯೇ ಮರೆತುಹೋಗುತ್ತದೆ.

ಒಂದೇಮಾತು

ಸೂತ್ರ ಸರಿ. ಚೀಟಿ ತಪ್ಪು.

ಗಣಿತಪ್ರಿಯ

ಸೂತ್ರ ಸರಿಯೇ, ಹಾಕಬಾರದ ಜಾಗದಲ್ಲಿ ಹಾಕಿದ್ದಾರೆ ಅಷ್ಟೇ. ಇದು ಒಂದು ಚೀಟಿಯ ವಿಷಯ ಅಲ್ಲ, ಎಲ್ಲೆಲ್ಲೂ ಆಗುವ ಎಡವಟ್ಟು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸೆಲ್ಸಿಯಸ್‌ಗೂ ಫ್ಯಾರನ್‌ಹೀಟ್‌ಗೂ ಎರಡು ವ್ಯತ್ಯಾಸ ಇದೆ. ಮೊದಲನೆಯದು, ಒಂದೊಂದು ಡಿಗ್ರಿಯ ಉದ್ದವೇ ಬೇರೆ. ಮಂಜುಗಡ್ಡೆ ಕರಗುವಲ್ಲಿಂದ ನೀರು ಕುದಿಯುವವರೆಗಿನ ದೂರವನ್ನು ಸೆಲ್ಸಿಯಸ್ 100 ಪಾಲು ಮಾಡುತ್ತದೆ. ಫ್ಯಾರನ್‌ಹೀಟ್ ಅದೇ ದೂರವನ್ನು 180 ಪಾಲು ಮಾಡುತ್ತದೆ. 180/100, ಅಂದರೆ 9/5. ಎರಡನೆಯದು, ಎಣಿಕೆ ಶುರುವಾಗುವ ಜಾಗ ಬೇರೆ. ಮಂಜುಗಡ್ಡೆ ಕರಗುವಲ್ಲಿ ಒಬ್ಬರು 0 ಅಂತಾರೆ, ಇನ್ನೊಬ್ಬರು 32 ಅಂತಾರೆ. 32 ಕೂಡಿಸುವುದು ಈ ಎರಡನೇ ವ್ಯತ್ಯಾಸಕ್ಕೆ ಮಾತ್ರ.

ಈಗ 37.0 ಮತ್ತು 37.1 ತಗೊಳ್ಳಿ. ಮೊದಲನೆಯದು 98.6, ಎರಡನೆಯದು 98.78. ಒಂದರಲ್ಲಿ ಇನ್ನೊಂದು ಕಳೆದರೆ 0.18. ಎರಡರಲ್ಲೂ 32 ಇತ್ತು, ಕಳೆದಾಗ ಬಿದ್ದುಹೋಯಿತು. ಆದ್ದರಿಂದ ±0.1 ಸೆಲ್ಸಿಯಸ್ ಅಂದರೆ ±0.18, ದಶಾಂಶ ಕಡಿಮೆ ಮಾಡಿ ಬರೆದರೆ ±0.2 ಫ್ಯಾರನ್‌ಹೀಟ್. ಒಳ್ಳೆಯ ಥರ್ಮಾಮೀಟರ್ ಅದು, ಧೈರ್ಯವಾಗಿ ಬಳಸಿ.

ಬೇರೆ ದೇಶದ ಗಡಿಯಾರ ಇದ್ದ ಹಾಗೆ ಇದು. ಅಲ್ಲಿ ಈಗ ಗಂಟೆ ಎಷ್ಟು ಅಂತ ತಿಳಿಯಲು ಐದೋ ಹತ್ತೋ ಗಂಟೆ ಕೂಡಿಸಬೇಕು. ಆದರೆ ಎರಡು ಗಂಟೆಯ ಪ್ರಯಾಣ ಅಲ್ಲೂ ಎರಡೇ ಗಂಟೆ.

ತಿಳಿನೀರು

ಗಡಿಯಾರದ ಮಾತು ತಟ್ಟನೆ ತಲೆಗೆ ಹೋಯಿತು ಸರ್. ಆದರೆ ಎಲ್ಲಿ 32 ಕೂಡಿಸಬೇಕು, ಎಲ್ಲಿ ಬೇಡ ಅಂತ ಗುರುತು ಹಿಡಿಯುವುದು ಹೇಗೆ? ಎರಡಕ್ಕೂ "ಡಿಗ್ರಿ" ಅಂತಲೇ ಬರೆದಿರುತ್ತಾರಲ್ಲ.

ಗಣಿತಪ್ರಿಯ

"ಈಗ ಎಷ್ಟಿದೆ?" ಅನ್ನುವ ಪ್ರಶ್ನೆಗೆ ಉತ್ತರವಾದರೆ 32 ಬೇಕು. "ಎಷ್ಟು ಏರಿತು, ಎಷ್ಟು ಇಳಿಯಿತು, ಎಷ್ಟು ಆಚೀಚೆ?" ಅನ್ನುವುದಕ್ಕೆ ಉತ್ತರವಾದರೆ 1.8ರಿಂದ ಗುಣಿಸಿ ಸುಮ್ಮನಾಗಿ.

ಬೀಸುಗಾಳಿ

ಹವಾಮಾನದ ಸುದ್ದಿ ಓದುವವರು ಇದನ್ನು ಎಷ್ಟು ಸಲ ನೋಡಿರುತ್ತೀರೋ! 2015ರ ಪ್ಯಾರಿಸ್ ಒಪ್ಪಂದದಲ್ಲಿ ಎರಡು ಸಂಖ್ಯೆ ಬರುತ್ತವೆ, 1.5 ಮತ್ತು 2 ಡಿಗ್ರಿ ಸೆಲ್ಸಿಯಸ್. ಎರಡೂ ಏರಿಕೆಯ ಲೆಕ್ಕ. ಭೂಮಿಯ ಸರಾಸರಿ ತಾಪಮಾನ ಕೈಗಾರಿಕೆಗಳು ಬರುವ ಮೊದಲಿನ ಕಾಲಕ್ಕಿಂತ ಎಷ್ಟು ಏರಬಹುದು ಅನ್ನುವ ಮಿತಿ. ಫ್ಯಾರನ್‌ಹೀಟ್‌ನಲ್ಲಿ ಅವು 2.7 ಮತ್ತು 3.6. ಯಾರಾದರೂ ಅವಸರದಲ್ಲಿ ಸೂತ್ರಕ್ಕೆ ತುರುಕಿದರೆ 34.7, 35.6 ಬರುತ್ತದೆ. ಭೂಮಿ ಅಷ್ಟು ಬಿಸಿಯಾದರೆ ಓದಲು ಯಾರೂ ಉಳಿಯುವುದಿಲ್ಲ.

ಹಾಗೆಯೇ ಎತ್ತರಕ್ಕೆ ಹೋದಂತೆ ಗಾಳಿ ತಣ್ಣಗಾಗುವ ಲೆಕ್ಕ. ಪ್ರಮಾಣ ವಾತಾವರಣ ಅಂತ ಇಟ್ಟುಕೊಂಡಿರುವ ಲೆಕ್ಕದಲ್ಲಿ ಕಿಲೋಮೀಟರಿಗೆ 6.5 ಡಿಗ್ರಿ ಸೆಲ್ಸಿಯಸ್ ಇಳಿಕೆ. ಇದು ಕಿಲೋಮೀಟರಿಗೆ 11.7 ಫ್ಯಾರನ್‌ಹೀಟ್. 43.7 ಅಲ್ಲ.

ಬಿಟ್‌ಬೈಟ್

ಈ ತಪ್ಪು ಎಲ್ಲಿಂದ ಹುಟ್ಟುತ್ತದೆ ಅಂತ ನಾನು ಹೇಳುತ್ತೇನೆ. ಪ್ರೋಗ್ರಾಂ ಬರೆಯುವವರು ಬದಲಾಯಿಸುವ ಫಂಕ್ಷನ್ ಒಂದೇ ಬರೆದಿರುತ್ತಾರೆ. ತಾಪಮಾನ ಬಂದರೂ ಅದಕ್ಕೇ ಕೊಡುತ್ತಾರೆ, ತಾಪಮಾನದ ವ್ಯತ್ಯಾಸ ಬಂದರೂ ಅದಕ್ಕೇ ಕೊಡುತ್ತಾರೆ. "ನಿನ್ನೆಗಿಂತ 4 ಡಿಗ್ರಿ ಜಾಸ್ತಿ" ಅನ್ನುವುದು ಸೆಟ್ಟಿಂಗ್ ಬದಲಾಯಿಸಿದ ತಕ್ಷಣ "ನಿನ್ನೆಗಿಂತ 39 ಡಿಗ್ರಿ ಜಾಸ್ತಿ" ಆಗುತ್ತದೆ.

ಪರೀಕ್ಷೆ ಮಾಡುವ ದಾರಿ ತುಂಬಾ ಸುಲಭ. ಸೊನ್ನೆ ಕೊಟ್ಟು ನೋಡಿ. "ಏನೂ ಬದಲಾಗಿಲ್ಲ" ಅನ್ನುವುದು ಯಾವ ಮಾಪಕದಲ್ಲೂ ಸೊನ್ನೆಯೇ. 32 ಬಂದರೆ ಎಲ್ಲೋ ತಪ್ಪು ಫಂಕ್ಷನ್ ಕರೆದಿದ್ದೀರಿ ಅಂತ ಅರ್ಥ. ನಮ್ಮ ತಂಡದಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿನ ಫಂಕ್ಷನ್ ಕಡ್ಡಾಯ ಮಾಡಿದ್ದೇವೆ.

ಗಣಿತಪ್ರಿಯ

ಬಿಟ್‌ಬೈಟ್ ಅವರೇ, ಮೂರನೆಯದೂ ಬೇಕು. "ಪ್ರತಿ ಡಿಗ್ರಿಗೆ ಇಷ್ಟು" ಅನ್ನುವ ಸಂಖ್ಯೆಗಳಿಗೆ. ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. ಫ್ಯಾರನ್‌ಹೀಟ್ ಡಿಗ್ರಿ ಚಿಕ್ಕದು, ಹಾಗಾಗಿ ಹಿಗ್ಗುವುದೂ ಕಡಿಮೆ, ಸುಮಾರು 6.7 ಭಾಗ. ಇಲ್ಲಿ 1.8ರಿಂದ ಗುಣಿಸಬಾರದು, ಭಾಗಿಸಬೇಕು.

ಬಿಟ್‌ಬೈಟ್

ಒಪ್ಪಿದೆ. ಸರಾಸರಿಗೆ 32 ಬೇಕು, ಆದರೆ ಸರಾಸರಿಯಿಂದ ಎಷ್ಟು ಚದುರಿದೆ ಅಂತ ಹೇಳುವ ಸ್ಟ್ಯಾಂಡರ್ಡ್ ಡೀವಿಯೇಷನ್‌ಗೆ ಬೇಡ. ಒಂದೇ ಪಟ್ಟಿಯ ಅಕ್ಕಪಕ್ಕದ ಎರಡು ಸಾಲಿಗೆ ಬೇರೆ ಬೇರೆ ಲೆಕ್ಕ.

ಹಳೇಮೇಷ್ಟ್ರು

ಬಾಯಿಲೆಕ್ಕ ಕೇಳಿದ್ದರಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದ ರೀತಿ ಇದು.

ಸಂಖ್ಯೆಯನ್ನು ಎರಡರಷ್ಟು ಮಾಡಿ. ಬಂದದ್ದರಲ್ಲಿ ಹತ್ತನೇ ಒಂದು ಭಾಗ ಕಳೆಯಿರಿ. 32 ಕೂಡಿಸಿ. ಮುಗಿಯಿತು.

28 ಸೆಲ್ಸಿಯಸ್: ಎರಡರಷ್ಟು 56. ಹತ್ತನೇ ಒಂದು 5.6, ಕಳೆದರೆ 50.4. 32 ಕೂಡಿಸಿದರೆ 82.4. ಇದು ಅಂದಾಜಲ್ಲ, ಪಕ್ಕಾ ಉತ್ತರ. ಎರಡರಲ್ಲಿ ಹತ್ತನೇ ಒಂದು ಕಳೆದರೆ 1.8 ತಾನೇ, ಅದೇ 9/5. ಐದರಿಂದ ಭಾಗಿಸುವ ತಾಪತ್ರಯವೇ ಇಲ್ಲ.

ಪಾದರಸ

ಇಷ್ಟೆಲ್ಲ ಯಾಕೆ ಮೇಷ್ಟ್ರೇ? ಎರಡರಷ್ಟು ಮಾಡಿ 30 ಕೂಡಿಸಿದರೆ ಸಾಕು. 20 ಇದ್ದರೆ 70. ನಿಜವಾದ ಉತ್ತರ 68. ಹೊರಗೆ ಹೋಗುವಾಗ ಸ್ವೆಟರ್ ಬೇಕಾ ಬೇಡವಾ ಅಂತ ತಿಳಿಯಲು 2 ಡಿಗ್ರಿ ಆಚೀಚೆ ಆದರೆ ಏನಾಯಿತು?

ಹಳೇಮೇಷ್ಟ್ರು

20ಕ್ಕೆ 2 ಡಿಗ್ರಿ ಸರಿ. 30ಕ್ಕೆ 90 ಅಂತೀರಿ, ಇರುವುದು 86. 40ಕ್ಕೆ 110 ಅಂತೀರಿ, ಇರುವುದು 104. ಬಿಸಿ ಏರಿದಷ್ಟೂ ನಿಮ್ಮ ತಪ್ಪೂ ಏರುತ್ತದೆ. ಸರಿಯಾಗಿ ಕೂರುವುದು 10 ಡಿಗ್ರಿಯಲ್ಲಿ ಮಾತ್ರ. ಅದೇ ಲೆಕ್ಕದಲ್ಲಿ ಜ್ವರ ನೋಡಿದರೆ 39ಕ್ಕೆ 108 ಬರುತ್ತದೆ. ಇರುವುದು 102.2. ಮನೆಯವರೆಲ್ಲ ಗಾಬರಿಯಿಂದ ಓಡಾಡಬೇಕಾಗುತ್ತದೆ.

ಪಾದರಸ

ಜ್ವರಕ್ಕೆ ಬಳಸಿ ಅಂತ ನಾನೆಲ್ಲಿ ಹೇಳಿದೆ? ಹವಾಮಾನದ ಮಾತು ಅದು. ಸೊನ್ನೆಯಿಂದ 30ರ ಒಳಗೆ ಬಹಳ ಅಂದರೆ 4 ಫ್ಯಾರನ್‌ಹೀಟ್ ತಪ್ಪುತ್ತದೆ, ಅಂದರೆ 2 ಸೆಲ್ಸಿಯಸ್ಸಿಗಿಂತ ಸ್ವಲ್ಪ ಜಾಸ್ತಿ. ಬಿಸಿಲಲ್ಲಿ ನಿಂತರೆ ನೆರಳಲ್ಲಿ ನಿಂತರೆ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಅನಿಸುತ್ತದೆ. ದಾರಿಯಲ್ಲಿ ಹೋಗುವವನಿಗೆ ದಶಾಂಶ ಬೇಕಿಲ್ಲ.

ಮೋಡಬಿಲ್ಲು

ನಾನಂತೂ ಎರಡೂ ಮಾಡುವುದಿಲ್ಲ. ಮೆಟ್ಟಿಲು ನೆನಪಿಟ್ಟುಕೊಂಡಿದ್ದೇನೆ. 0ಗೆ 32, 10ಕ್ಕೆ 50, 20ಕ್ಕೆ 68, 30ಕ್ಕೆ 86, 40ಕ್ಕೆ 104. ಪ್ರತಿ 10ಕ್ಕೆ 18 ಏರುತ್ತದೆ, ಪ್ರತಿ 5ಕ್ಕೆ 9. ನಡುವೆ ಬಂದರೆ ಡಿಗ್ರಿಗೆ 2 ಅಂತ ಸೇರಿಸಿದರೆ ಆಯಿತು. ಜೊತೆಗೆ ತಿರುಗುಮುರುಗಾದ ಎರಡು ಜೋಡಿ ಇವೆ, ಒಮ್ಮೆ ಕೇಳಿದರೆ ಮರೆಯುವುದಿಲ್ಲ: 16 ಅಂದರೆ 61, 28 ಅಂದರೆ 82.

ತಿಳಿನೀರು

16–61, 28–82 ಸಕತ್ತಾಗಿದೆ! ಇದನ್ನು ಯಾರೂ ಹೇಳಿರಲಿಲ್ಲ.

ನೈಟ್‌ಡ್ಯೂಟಿ

ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ನಾನು. ಜ್ವರಕ್ಕೆ ಲೆಕ್ಕ ಮಾಡಲು ಹೋಗಬೇಡಿ, ನಾಲ್ಕೇ ನಾಲ್ಕು ಜೋಡಿ ಬಾಯಿಪಾಠ ಮಾಡಿ. 37 – 98.6. 38 – 100.4. 39 – 102.2. 40 – 104. ಅರ್ಧ ಡಿಗ್ರಿ ಬಂದರೆ 0.9 ಸೇರಿಸಿ. 38.5 ಅಂದರೆ 101.3. ರಾತ್ರಿ ಎರಡು ಗಂಟೆಗೆ ಮಗು ಅಳುತ್ತಿರುವಾಗ ಎರಡರಷ್ಟು ಮಾಡಿ ಹತ್ತನೇ ಒಂದು ಕಳೆಯುವುದಕ್ಕೆ ಯಾರಿಗೂ ಆಗುವುದಿಲ್ಲ ಮೇಷ್ಟ್ರೇ.

38, ಅಂದರೆ 100.4, ಇದನ್ನು ಸಾಮಾನ್ಯವಾಗಿ ಜ್ವರದ ಗೆರೆ ಅಂತ ಇಟ್ಟುಕೊಳ್ಳುತ್ತಾರೆ. ಮೂರು ತಿಂಗಳೊಳಗಿನ ಮಗುವಿಗೆ ಆ ಗೆರೆ ಮುಟ್ಟಿದರೆ ಕಾಯದೆ ಡಾಕ್ಟರಿಗೆ ತೋರಿಸಿ. ಡಾಕ್ಟರಿಗೆ ಫೋನ್ ಮಾಡುವಾಗ ಸಂಖ್ಯೆಯ ಜೊತೆಗೆ ಎಲ್ಲಿಟ್ಟು ನೋಡಿದ್ದು ಅಂತಲೂ ಹೇಳಿ. ಕಂಕುಳಲ್ಲಿ ಇಟ್ಟರೆ ಬಾಯಲ್ಲಿ ಇಟ್ಟದ್ದಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ಯಾವ ಮಾಪಕ ಅನ್ನುವುದನ್ನೂ ಹೇಳಿ. "ಮೂವತ್ತೊಂಬತ್ತು" ಅಂದರೆ ಯಾರಿಗೂ ಗೊಂದಲ ಆಗುವುದಿಲ್ಲ ನಿಜ, ಆದರೆ "ಒಂದು ಡಿಗ್ರಿ ಏರಿದೆ" ಅಂದಾಗ ಯಾವ ಡಿಗ್ರಿ ಅಂತ ನಾವು ಕೇಳಲೇಬೇಕಾಗುತ್ತದೆ. ಒಂದು ಸೆಲ್ಸಿಯಸ್ ಏರಿಕೆ ಅಂದರೆ ಹತ್ತಿರ ಹತ್ತಿರ ಎರಡು ಫ್ಯಾರನ್‌ಹೀಟ್ ಏರಿಕೆ.

ತಿಳಿನೀರು ಅವರೇ, ಎಷ್ಟೋ ಮಾದರಿಗಳಲ್ಲಿ ಆಫ್ ಇರುವಾಗ ಬಟನ್ ಒತ್ತಿ ಹಿಡಿದರೆ ಮಾಪಕ ಬದಲಾಗುತ್ತದೆ. ನಿಮ್ಮದರಲ್ಲಿ ಹೇಗೋ ನೋಡಿ.

ತಿಳಿನೀರು

ಬದಲಾಯಿತು ಮೇಡಂ, ಥ್ಯಾಂಕ್ಸ್. ನನ್ನದೇ ನೋಡಿಕೊಂಡೆ, 97.9. 98.6 ಇಲ್ಲವಲ್ಲ, ತೊಂದರೆ ಏನಾದರೂ ಇದೆಯಾ?

ನೈಟ್‌ಡ್ಯೂಟಿ

ಏನೂ ಇಲ್ಲ. ಬೆಳಗಿನ ಜಾವ ಕಡಿಮೆ, ಸಂಜೆ ಜಾಸ್ತಿ. ಮನುಷ್ಯರಿಂದ ಮನುಷ್ಯರಿಗೂ ವ್ಯತ್ಯಾಸ ಇರುತ್ತದೆ.

ಗಣಿತಪ್ರಿಯ

98.6ರ ಹಿಂದೆಯೂ ಬದಲಾಯಿಸುವ ಲೆಕ್ಕವೇ ಇದೆ. ಜರ್ಮನಿಯ ವೈದ್ಯ ಕಾರ್ಲ್ ವುಂಡರ್‌ಲಿಖ್ 1868ರಲ್ಲಿ ಮೈಬಿಸಿಯ ಬಗ್ಗೆ ದೊಡ್ಡ ಪುಸ್ತಕ ಬರೆದರು. ಸಾವಿರಾರು ರೋಗಿಗಳ ಅಳತೆ ಇಟ್ಟುಕೊಂಡು ಆರೋಗ್ಯವಂತರ ಮೈಬಿಸಿ 37 ಸೆಲ್ಸಿಯಸ್ ಅಂದರು. 37 ಅನ್ನುವುದು ನೋಡಿದರೇ ಗೊತ್ತಾಗುತ್ತದೆ, "ಸುಮಾರು" ಅನ್ನುವ ಸಂಖ್ಯೆ. ಅದನ್ನು ಸೂತ್ರಕ್ಕೆ ಹಾಕಿದಾಗ 98.6 ಬಂತು. ಈಗ ನೋಡಿ, ದಶಾಂಶ ಸೇರಿಕೊಂಡು ಯಾರೋ ತುಂಬಾ ಸೂಕ್ಷ್ಮವಾಗಿ ಅಳೆದ ಹಾಗೆ ಕಾಣುತ್ತದೆ. 98.4 ಬಂದರೆ ಜನ "ಕಡಿಮೆ ಇದೆ" ಅಂತಾರೆ. 1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತರ ಸರಾಸರಿ 98.2, ಅಂದರೆ 36.8 ಸೆಲ್ಸಿಯಸ್ ಬಂದಿತ್ತು.

ಇದು ನನಗೆ ಬಹಳ ಮುಖ್ಯ ಅನಿಸುವ ವಿಷಯ. ಮಾಪಕ ಬದಲಾಯಿಸಿದ ಮಾತ್ರಕ್ಕೆ ಅಳತೆ ಹೆಚ್ಚು ನಿಖರ ಆಗುವುದಿಲ್ಲ. "ಸುಮಾರು 20 ಡಿಗ್ರಿ ಸೆಲ್ಸಿಯಸ್" ಅಂತ ಬರೆದಿದ್ದರೆ "ಸುಮಾರು 70 ಫ್ಯಾರನ್‌ಹೀಟ್" ಅಂತ ಬರೆಯುವುದೇ ಪ್ರಾಮಾಣಿಕ. 68.0 ಅಂತ ಬರೆದರೆ ಇಲ್ಲದ ನಿಖರತೆಯನ್ನು ಸೇರಿಸಿದ ಹಾಗೆ.

ಪಾದರಸ

ನೋಡಿದಿರಾ ಮೇಷ್ಟ್ರೇ, ಎರಡರಷ್ಟು ಮಾಡಿ 30 ಕೂಡಿಸಿದರೂ 70 ಬರುತ್ತದೆ!

ಹಳೇಮೇಷ್ಟ್ರು

20ಕ್ಕೆ ಬರುತ್ತದೆ. 35ಕ್ಕೆ ನೋಡಿ. ನಿಮ್ಮದು 100, ನಿಜವಾದದ್ದು 95.

ಮೋಡಬಿಲ್ಲು

ನನಗೆ ಒಂದು ಅರ್ಥವಾಗುವುದಿಲ್ಲ. 32 ಅನ್ನುವ ವಿಚಿತ್ರ ಸಂಖ್ಯೆಯಿಂದ ಶುರು ಮಾಡಲು ಯಾರಿಗೆ ಮನಸ್ಸು ಬಂತು? ಅವರ ಊರಿನ ಅತಿ ಚಳಿಯ ರಾತ್ರಿಯನ್ನು ಸೊನ್ನೆ ಅಂತ ಇಟ್ಟುಕೊಂಡರು ಅಂತ ಎಲ್ಲೋ ಓದಿದ್ದೆ.

ಪಾದರಸ

ಆ ಕಥೆ ಎಲ್ಲ ಕಡೆ ಓಡಾಡುತ್ತದೆ. ಆದರೆ ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ 1724ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕೊಟ್ಟ ಲೇಖನದಲ್ಲಿ ಬೇರೆಯೇ ಇದೆ. ಮೂರು ಗುರುತು. ಮಂಜುಗಡ್ಡೆ, ನೀರು ಮತ್ತು ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್, ಇವನ್ನು ಕಲಸಿದಾಗ ಸಿಗುವ ಚಳಿಗೆ 0. ಬರೀ ಮಂಜುಗಡ್ಡೆ ಮತ್ತು ನೀರಿಗೆ 32. ಆರೋಗ್ಯವಂತನ ಬಾಯಲ್ಲೋ ಕಂಕುಳಲ್ಲೋ ಇಟ್ಟರೆ 96.

ಈ ಸಂಖ್ಯೆಗಳ ಅನುಕೂಲ ಕೊಳವೆಗೆ ಗೆರೆ ಹಾಕುವಾಗ ಗೊತ್ತಾಗುತ್ತದೆ. 32ರಿಂದ 96ಕ್ಕೆ 64 ಡಿಗ್ರಿ. ಆ ಎರಡು ಗುರುತಿನ ನಡುವೆ ಅರ್ಧ ಮಾಡಿ, ಅದರ ಅರ್ಧ ಮಾಡಿ, ಹೀಗೆ ಆರು ಸಲ ಅರ್ಧ ಮಾಡಿದರೆ ಒಂದೊಂದು ಡಿಗ್ರಿ ಸಿಗುತ್ತದೆ. 100 ಪಾಲು ಮಾಡಬೇಕಾದರೆ ಎಲ್ಲೋ ಒಂದು ಕಡೆ ಐದು ಪಾಲು ಮಾಡಬೇಕು. ಕೈಯಲ್ಲಿ ಗಾಜಿನ ಕೊಳವೆ ಹಿಡಿದು ಉಪಕರಣ ಮಾಡುವವನಿಗೆ ಅದು ಕಷ್ಟ. ಮುಂದೆ ನೀರು ಕುದಿಯುವುದನ್ನು 212 ಅಂತ ಗಟ್ಟಿ ಮಾಡಿದಾಗ ಮಾಪಕ ಸ್ವಲ್ಪ ಜರುಗಿತು. ಅದಕ್ಕೇ ಮೈಬಿಸಿ 96ರಲ್ಲಿ ಉಳಿಯಲಿಲ್ಲ.

ಹಳೇಮೇಷ್ಟ್ರು

ಸೆಲ್ಸಿಯಸ್ ಅವರದ್ದೂ ಹೇಳಿ. ಸ್ವೀಡನ್ನಿನ ಉಪ್ಸಾಲಾದಲ್ಲಿ ಖಗೋಳ ವಿಜ್ಞಾನಿಯಾಗಿದ್ದ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ಮಾಪಕ ಮಾಡಿದಾಗ ಅದು ತಲೆಕೆಳಗಾಗಿತ್ತು. ನೀರು ಕುದಿಯುವುದು 0, ಹೆಪ್ಪುಗಟ್ಟುವುದು 100. ಅವರು 1744ರಲ್ಲಿ ತೀರಿಕೊಂಡರು. ಆ ಕೆಲವೇ ವರ್ಷಗಳಲ್ಲಿ ಬೇರೆಯವರು ಅದನ್ನು ತಿರುಗಿಸಿ ಈಗಿನ ರೂಪಕ್ಕೆ ತಂದರು. "ಸೆಂಟಿಗ್ರೇಡ್" ಅಂತ ಕಲಿತವರು ನಮ್ಮ ಕಾಲದಲ್ಲಿ ತುಂಬಾ ಜನ. 1948ರಿಂದ ಅಧಿಕೃತ ಹೆಸರು ಸೆಲ್ಸಿಯಸ್. ಎರಡೂ ಒಂದೇ, ಲೆಕ್ಕ ಬದಲಾಗುವುದಿಲ್ಲ.

ಮೋಡಬಿಲ್ಲು

ಇಷ್ಟು ಕೇಳಿದ ಮೇಲೂ ಹೇಳುತ್ತೇನೆ, ಹೊರಗಿನ ಹವೆಗೆ ಫ್ಯಾರನ್‌ಹೀಟೇ ಚೆನ್ನ. ಸೊನ್ನೆ ಅಂದರೆ ಭಾರಿ ಚಳಿ, ನೂರು ಅಂದರೆ ಭಾರಿ ಸೆಖೆ. ನಡುವೆ ನೂರು ಮೆಟ್ಟಿಲು. ಸೆಲ್ಸಿಯಸ್‌ನಲ್ಲಿ ಅದೇ ಜಾಗಕ್ಕೆ −18ರಿಂದ 38. ಇದು ಯಾರಿಗೆ ನೆನಪಿರುತ್ತದೆ?

ಬೀಸುಗಾಳಿ

ಸೆಲ್ಸಿಯಸ್‌ನಲ್ಲಿ ಬೆಳೆದವರಿಗೆಲ್ಲ ನೆನಪಿರುತ್ತದೆ. ಹವಾಮಾನಕ್ಕೆ ಎಲ್ಲಕ್ಕಿಂತ ಮುಖ್ಯವಾದ ಗೆರೆ ನೀರು ಹೆಪ್ಪುಗಟ್ಟುವುದು. ರಸ್ತೆ ಜಾರುತ್ತದಾ, ಹಿಮ ಬೀಳುತ್ತದಾ, ಕೊಳಾಯಿ ಒಡೆಯುತ್ತದಾ ಎಲ್ಲ ಅಲ್ಲೇ ತೀರ್ಮಾನ. ಆ ಗೆರೆಯ ಕೆಳಗೆ ಮೈನಸ್, ಮೇಲೆ ಪ್ಲಸ್. ಇದಕ್ಕಿಂತ ಸಲೀಸು ಏನಿದೆ? ದಿನಬಳಕೆಯಲ್ಲಿ ಫ್ಯಾರನ್‌ಹೀಟ್ ಬಳಸುವ ಅಮೆರಿಕದಲ್ಲೂ ವಿಮಾನ ನಿಲ್ದಾಣಗಳ ಹವಾಮಾನ ವರದಿಯಲ್ಲಿ ತಾಪಮಾನ ಬರುವುದು ಸೆಲ್ಸಿಯಸ್‌ನಲ್ಲೇ.

ಮೋಡಬಿಲ್ಲು

ಪೈಲಟ್‌ಗಳಿಗೆ ಹಿಮ ಕಟ್ಟುವುದು ಮುಖ್ಯ, ಸರಿ. ಆದರೆ ರೂಮಿನ ಏಸಿಯಲ್ಲಿ 24ಕ್ಕೂ 25ಕ್ಕೂ ನಡುವೆ ಇಡಬೇಕು ಅನಿಸುತ್ತದೆ ನೋಡಿ, ಆಗ ಚಿಕ್ಕ ಡಿಗ್ರಿಯ ಬೆಲೆ ಗೊತ್ತಾಗುತ್ತದೆ.

ಬೀಸುಗಾಳಿ

ಅದಕ್ಕೆ 24.5 ಅಂತ ಇದೆ.

ಒಂದೇಮಾತು

−40ಕ್ಕೆ ಬನ್ನಿ, ಅಲ್ಲಿ ಇಬ್ಬರದ್ದೂ ಒಂದೇ.

ಗಣಿತಪ್ರಿಯ

ಆಹಾ, ಅದರಿಂದ ಒಂದು ಒಳ್ಳೆಯ ಉಪಾಯ ಸಿಗುತ್ತದೆ. ಎರಡೂ ಮಾಪಕ −40ರಲ್ಲಿ ಸೇರುವುದರಿಂದ ಅಲ್ಲಿಂದಲೇ ಎಣಿಸಿದರೆ 32ರ ಹಂಗೇ ಇರುವುದಿಲ್ಲ. ಮೊದಲು 40 ಕೂಡಿಸಿ. ಸೆಲ್ಸಿಯಸ್‌ನಿಂದ ಹೋಗುತ್ತಿದ್ದರೆ 9/5ರಿಂದ, ಫ್ಯಾರನ್‌ಹೀಟ್‌ನಿಂದ ಬರುತ್ತಿದ್ದರೆ 5/9ರಿಂದ ಗುಣಿಸಿ. ಕೊನೆಗೆ 40 ಕಳೆಯಿರಿ. ಎರಡು ಕಡೆಗೂ ಒಂದೇ ಕ್ರಮ.

35 ಸೆಲ್ಸಿಯಸ್: 75, ಅದರ 9/5 ಅಂದರೆ 135, 40 ಕಳೆದರೆ 95.
86 ಫ್ಯಾರನ್‌ಹೀಟ್: 126, ಅದರ 5/9 ಅಂದರೆ 70, 40 ಕಳೆದರೆ 30.

32ನ್ನು ಮೊದಲು ಕಳೆಯಬೇಕೋ ಆಮೇಲೋ ಅಂತ ಪರೀಕ್ಷೆಯಲ್ಲಿ ತಡಕಾಡುವ ಮಕ್ಕಳಿಗೆ ಇದು ವರ.

ಹಳೇಮೇಷ್ಟ್ರು

ಇದು ಚೆನ್ನಾಗಿದೆ. ಫ್ಯಾರನ್‌ಹೀಟ್‌ನಿಂದ ವಾಪಸ್ ಬರಲು ನನ್ನ ರೀತಿಯಲ್ಲಿ ಹೇಳುವುದಾದರೆ, 32 ಕಳೆದು ಅರ್ಧ ಮಾಡಿ, ಅದಕ್ಕೆ ಹತ್ತನೇ ಒಂದು ಸೇರಿಸಿ, ಆ ಹತ್ತನೇ ಒಂದರ ಹತ್ತನೇ ಒಂದೂ ಸೇರಿಸಿ. 86ಕ್ಕೆ: 54, 27, 29.7, 29.97. ಅಂದರೆ 30. ಆದರೆ 40ರ ಉಪಾಯವೇ ಅಂದ.

ಬೀಸುಗಾಳಿ

−40 ಅಂದಾಗ ಒಂದು ಮಾತು. ಪಾದರಸ −38.83 ಸೆಲ್ಸಿಯಸ್‌ನಲ್ಲೇ ಹೆಪ್ಪುಗಟ್ಟುತ್ತದೆ. ಹಾಗಾಗಿ ಎರಡು ಮಾಪಕ ಸೇರುವ ಆ ಜಾಗವನ್ನು ಪಾದರಸದ ಥರ್ಮಾಮೀಟರ್ ತೋರಿಸಲಾರದು. ಅಲ್ಲಿಗೆ ಆಲ್ಕೋಹಾಲ್ ತುಂಬಿದ್ದು ಬೇಕು. ನೆಲದ ಮೇಲೆ ಇಟ್ಟ ಉಪಕರಣದಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ ಅಂಟಾರ್ಕ್ಟಿಕಾದ ವೋಸ್ಟಾಕ್‌ನಲ್ಲಿ 1983ರ ಜುಲೈ 21ರಂದು, −89.2 ಸೆಲ್ಸಿಯಸ್. ಫ್ಯಾರನ್‌ಹೀಟ್‌ನಲ್ಲಿ −128.6. ಗಮನಿಸಿ, −40ರ ಕೆಳಗೆ ಹೋದರೆ ಫ್ಯಾರನ್‌ಹೀಟ್ ಸಂಖ್ಯೆಯೇ ಇನ್ನೂ ಆಳಕ್ಕೆ ಇಳಿಯುತ್ತದೆ.

ನೈಟ್‌ಡ್ಯೂಟಿ

ಪಾದರಸದ ಹೆಸರು ಬಂದದ್ದಕ್ಕೆ ಹೇಳುತ್ತೇನೆ. ಮನೆಯಲ್ಲಿ ಹಳೆಯ ಗಾಜಿನ ಥರ್ಮಾಮೀಟರ್ ಇದ್ದು ಒಡೆದರೆ ಗುಂಡುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಪೊರಕೆ, ವ್ಯಾಕ್ಯೂಮ್ ಕ್ಲೀನರ್ ಎರಡೂ ಬೇಡ, ಇನ್ನಷ್ಟು ಹರಡುತ್ತದೆ. ಕಿಟಕಿ ತೆರೆಯಿರಿ, ಗಟ್ಟಿ ಕಾಗದದಿಂದ ಒಟ್ಟು ಮಾಡಿ ಮುಚ್ಚಳ ಇರುವ ಡಬ್ಬಕ್ಕೆ ಹಾಕಿ. ಪಾದರಸದ ಬಳಕೆ ತಗ್ಗಿಸಲು ದೇಶಗಳು ಮಾಡಿಕೊಂಡ ಮಿನಮಾಟಾ ಒಪ್ಪಂದ ಬಂದ ಮೇಲೆ ಇವುಗಳ ತಯಾರಿಕೆಯನ್ನೇ ನಿಲ್ಲಿಸುತ್ತಾ ಬಂದಿದ್ದಾರೆ.

ತಿಳಿನೀರು

ಒಂದು ಕೇಳಲಾ? ಹೊಸ ಥರ್ಮಾಮೀಟರ್ ಸರಿ ಇದೆಯಾ ಅಂತ ಮನೆಯಲ್ಲೇ ನೋಡಬಹುದಾ? ಕುದಿಯುವ ನೀರಿಗೆ ಹಾಕಿದರೆ 100 ತೋರಿಸಬೇಕು ಅಲ್ವಾ?

ನೈಟ್‌ಡ್ಯೂಟಿ

ಬೇಡ ಬೇಡ! ಜ್ವರದ ಥರ್ಮಾಮೀಟರ್ ಅಳೆಯುವುದು 32ರಿಂದ 42 ಸೆಲ್ಸಿಯಸ್‌ನ ಆಸುಪಾಸಿನವರೆಗೆ. ಕುದಿಯುವ ನೀರಿಗೆ ಹಾಕಿದರೆ ಹಾಳಾಗುತ್ತದೆ.

ಬೀಸುಗಾಳಿ

ಗೋಡೆಯ ಮೇಲೋ ಪ್ರಯೋಗಕ್ಕೋ ಬಳಸುವ ಉದ್ದ ಕಡ್ಡಿಯ ಥರ್ಮಾಮೀಟರ್ ಆದರೆ ಮಂಜುಗಡ್ಡೆಯಲ್ಲಿ ನೋಡಬಹುದು. ಮಂಜುಗಡ್ಡೆಯನ್ನು ಚೆನ್ನಾಗಿ ಪುಡಿ ಮಾಡಿ ಲೋಟ ತುಂಬಿಸಿ. ಸಂದಿ ತುಂಬುವಷ್ಟು ಮಾತ್ರ ನೀರು ಹಾಕಿ, ಗಡ್ಡೆ ತೇಲುವಷ್ಟು ಬೇಡ. ಕಲಕಿ, ಒಂದೆರಡು ನಿಮಿಷ ಬಿಡಿ. ತುದಿ ಲೋಟದ ತಳಕ್ಕೂ ಬದಿಗೂ ತಾಗಬಾರದು. 0 ಸೆಲ್ಸಿಯಸ್ ಅಥವಾ 32 ಫ್ಯಾರನ್‌ಹೀಟ್‌ನಲ್ಲಿ ನಿಂತರೆ ಮಾಪಕದ ಆ ಕೊನೆ ಸರಿ ಇದೆ. ಉಪ್ಪು ಬೆರೆತರೆ ಲೆಕ್ಕ ಕೆಟ್ಟಿತು, ಸೊನ್ನೆಗಿಂತ ಕೆಳಗೆ ಹೋಗುತ್ತದೆ.

ಕುದಿಯುವ ನೀರು ಅಷ್ಟು ನಂಬಿಕೆಯದಲ್ಲ. 100 ಅನ್ನುವುದು ಸಮುದ್ರಮಟ್ಟದ ಒತ್ತಡಕ್ಕೆ. ಮೇಲೆ ಹೋದಂತೆ ಸುಮಾರು 300 ಮೀಟರಿಗೆ 1 ಸೆಲ್ಸಿಯಸ್ ಇಳಿಯುತ್ತದೆ. 900 ಮೀಟರ್ ಎತ್ತರದಲ್ಲಿ 97 ತೋರಿಸಿದರೆ ಥರ್ಮಾಮೀಟರ್ ಸರಿಯಾಗಿಯೇ ಇದೆ.

ಶೂನ್ಯ_ಕೆಲ್ವಿನ್

ಇಷ್ಟು ಹೊತ್ತಾದರೂ ಯಾರೂ ಕೆಲ್ವಿನ್ ಎತ್ತಲಿಲ್ಲ. ನಿನ್ನೆ 10 ಡಿಗ್ರಿ, ಇವತ್ತು 20. "ಎರಡು ಪಟ್ಟು ಬಿಸಿ" ಅಂತ ಬರೆಯುವವರನ್ನು ನೋಡಿದ್ದೇನೆ. ಅದೇ ದಿನಗಳನ್ನು ಫ್ಯಾರನ್‌ಹೀಟ್‌ನಲ್ಲಿ ಬರೆದರೆ 50 ಮತ್ತು 68. ಆಗ ಎರಡು ಪಟ್ಟು ಎಲ್ಲಿ ಹೋಯಿತು? ಸೊನ್ನೆಯನ್ನು ನಮಗೆ ಬೇಕಾದಲ್ಲಿ ಇಟ್ಟುಕೊಂಡ ಮಾಪಕದಲ್ಲಿ "ಇಷ್ಟು ಪಟ್ಟು" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಕೆಲ್ವಿನ್ ಎಣಿಸುವುದು ನಿಜವಾದ ಸೊನ್ನೆಯಿಂದ, ಅಂದರೆ ಅದಕ್ಕಿಂತ ತಣ್ಣಗಾಗಲು ಸಾಧ್ಯವೇ ಇಲ್ಲದ −273.15 ಸೆಲ್ಸಿಯಸ್‌ನಿಂದ. ಹಾಗೆ ಎಣಿಸಿದರೆ ಅವು 283.15 ಮತ್ತು 293.15. ಏರಿಕೆ ಶೇಕಡಾ 3.5.

ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವರು, ಇಂಥ ಮಾಪಕ ಬೇಕು ಅಂತ 1848ರಲ್ಲೇ ಬರೆದರು. 2019ರ ಮೇ 20ರಿಂದ ಕೆಲ್ವಿನ್‌ಗೆ ನೀರಿನ ಹಂಗೂ ಇಲ್ಲ. ತಾಪಮಾನವನ್ನು ಶಕ್ತಿಗೆ ಜೋಡಿಸುವ ಬೋಲ್ಟ್ಸ್‌ಮನ್ ಸ್ಥಿರಾಂಕಕ್ಕೆ ನಿಗದಿ ಮಾಡಿದ ಬೆಲೆಯ ಮೇಲೆ ನಿಂತಿದೆ.

ಗಣಿತಪ್ರಿಯ

ನಮ್ಮ ವಿಷಯಕ್ಕೂ ಕೆಲ್ವಿನ್ ಬೇಕಾಗುತ್ತದೆ. ಒಂದು ಕೆಲ್ವಿನ್‌ನ ಉದ್ದವೂ ಒಂದು ಡಿಗ್ರಿ ಸೆಲ್ಸಿಯಸ್ಸಿನ ಉದ್ದವೂ ಒಂದೇ. ಅದಕ್ಕೇ ಎಷ್ಟೋ ಎಂಜಿನಿಯರ್‌ಗಳು ವ್ಯತ್ಯಾಸವನ್ನು ಕೆಲ್ವಿನ್‌ನಲ್ಲಿ ಬರೆಯುತ್ತಾರೆ. "20 ಡಿಗ್ರಿ ಸೆಲ್ಸಿಯಸ್, ±0.1 ಕೆಲ್ವಿನ್". ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ, ಮೊದಲನೆಯದು ಇರುವ ಜಾಗ, ಎರಡನೆಯದು ಆಚೀಚೆ. ಇದು ಎಲ್ಲ ಕೈಪಿಡಿಗಳಲ್ಲೂ ಬರಬೇಕು ಅನ್ನುವುದು ನನ್ನ ಆಸೆ.

ಬಿಟ್‌ಬೈಟ್

ಫ್ಯಾರನ್‌ಹೀಟ್ ಡಿಗ್ರಿಯಲ್ಲೇ ನಿಜವಾದ ಸೊನ್ನೆಯಿಂದ ಎಣಿಸುವ ಮಾಪಕವೂ ಇದೆ, ರಾಂಕಿನ್. ಫ್ಯಾರನ್‌ಹೀಟ್‌ಗೆ 459.67 ಕೂಡಿಸಿದರೆ ಸಿಗುತ್ತದೆ.

ಮೋಡಬಿಲ್ಲು

ಹಾಗಾದರೆ ಬಲ್ಬ್ ಡಬ್ಬದ ಮೇಲೆ 2700 ಕೆಲ್ವಿನ್, 6500 ಕೆಲ್ವಿನ್ ಅಂತ ಬರೆದಿರುತ್ತದಲ್ಲ, ಬಲ್ಬ್ ಅಷ್ಟು ಬಿಸಿಯಾಗುತ್ತದಾ? ಮತ್ತೆ ಬೆಚ್ಚಗಿನ ಬೆಳಕು ಅಂತ ಕರೆಯುವುದಕ್ಕೆ ಕಡಿಮೆ ಸಂಖ್ಯೆ ಯಾಕೆ?

ಶೂನ್ಯ_ಕೆಲ್ವಿನ್

ಎಲ್‌ಇಡಿ ಬಲ್ಬ್ ಅಷ್ಟು ಬಿಸಿಯಾಗುವುದಿಲ್ಲ. ಕಾದು ಹೊಳೆಯುವ ವಸ್ತು 2700 ಕೆಲ್ವಿನ್‌ನಲ್ಲಿ ಇದ್ದರೆ ಯಾವ ಬಣ್ಣದ ಬೆಳಕು ಕೊಡುತ್ತದೋ, ಆ ಬಣ್ಣಕ್ಕೆ ಹತ್ತಿರ ಅಂತ ಮಾತ್ರ ಅರ್ಥ. ಹಳೆಯ ತಂತಿ ಬಲ್ಬಿನ ತಂತಿ ನಿಜವಾಗಿಯೂ ಹೆಚ್ಚುಕಡಿಮೆ ಅಷ್ಟು ಕಾಯುತ್ತಿತ್ತು. ಕಾವು ಏರಿದಂತೆ ಬೆಳಕು ಕೆಂಪು ಹಳದಿಯಿಂದ ಬಿಳಿಗೆ, ಬಿಳಿಯಿಂದ ನೀಲಿ ಕಡೆಗೆ ಹೋಗುತ್ತದೆ. ನಮಗೆ ಹಳದಿ ನೋಡಿದರೆ ಬೆಚ್ಚಗೆ ಅನಿಸುತ್ತದೆ. ಸೂರ್ಯನ ಮೇಲ್ಮೈ ಸುಮಾರು 5,800 ಕೆಲ್ವಿನ್.

ಪಾದರಸ

ಅದು ಫ್ಯಾರನ್‌ಹೀಟ್‌ನಲ್ಲಿ ಎಷ್ಟು? ಇಲ್ಲಿ ನನ್ನ ಎರಡರಷ್ಟು ಲೆಕ್ಕ ನಡೆಯುವುದಿಲ್ಲ ಅಂತ ಮೇಷ್ಟ್ರು ಹೇಳುತ್ತಾರೆ.

ಹಳೇಮೇಷ್ಟ್ರು

ಹೇಳುತ್ತೇನೆ. 273 ಕಳೆದರೆ 5,527. ಎರಡರಷ್ಟು 11,054. ಹತ್ತನೇ ಒಂದು ಕಳೆದು 32 ಕೂಡಿಸಿದರೆ ಸುಮಾರು 9,980. ಮೊದಲ ಸಂಖ್ಯೆಯೇ "ಸುಮಾರು" ಆದ್ದರಿಂದ 10,000 ಅನ್ನಿ. ನಿಮ್ಮ ಲೆಕ್ಕದಲ್ಲಿ 11,000 ದಾಟುತ್ತಿತ್ತು.

ಮೋಡಬಿಲ್ಲು

ಮೇಷ್ಟ್ರೇ, ಮೈನಸ್ ಬಂದಾಗ ಹತ್ತನೇ ಒಂದು ಕಳೆಯಬೇಕಾ, ಕೂಡಿಸಬೇಕಾ? −25ಕ್ಕೆ ಒಮ್ಮೆ ತೋರಿಸಿ.

ಹಳೇಮೇಷ್ಟ್ರು

ಎರಡರಷ್ಟು −50. ಹತ್ತನೇ ಒಂದು ಭಾಗ ಅಂದರೆ −5, ಅದನ್ನು ತೆಗೆದರೆ −45 ಉಳಿಯುತ್ತದೆ. ಸೊನ್ನೆಯ ಕಡೆಗೆ ಬರಬೇಕು, ದೂರ ಹೋಗಬಾರದು. 32 ಕೂಡಿಸಿದರೆ −13. ಈಗ −15 ನೀವು ಮಾಡಿ.

ಮೋಡಬಿಲ್ಲು

−30, −27, 5. ಪ್ಲಸ್ 5!

ಹಳೇಮೇಷ್ಟ್ರು

ಸರಿ. ಮೆಟ್ಟಿಲಲ್ಲಿ ನೋಡಿದರೂ −10ಕ್ಕೆ 14, ಇನ್ನೊಂದು 5 ಕೆಳಗೆ ಇಳಿದರೆ 9 ಹೋಗಿ 5.